ಅಜ್ಜಿಗೂ ಹೋಮ್‌ವರ್ಕ್

"ನಿನಗ ಯಾವ ಬಣ್ಣ ಭಾಳ ಸೇರ್ತದ, ನಿಷಾ?"

"ಹಳದಿ ರೀ," ಎಂದಳು ಮಾರ್ಗರೆಟ ಅಜ್ಜಿ.

"ಮನ್ಯಾಗ ಯಾರ ಜೋಡಿ ಆಡ್ತಿ?"

"ತಮ್ಮನ ಜೋಡಿ ರೀ. ನೋಹ ಅಂತ. ಭಾಳ ಕಿಡಿಗೇಡಿ ಇದ್ದಾನ."

ಮುಸರ್ರತ ಮೇಡಂ ಪೆನ್ನು ಕೆಳಗಿಟ್ಟು ನಕ್ಕರು. "ಅಜ್ಜಿ, ನಿಮಗ ಯಾವ ಬಣ್ಣ ಸೇರ್ತದ್ರಿ?"

"ನಂಗ್ಯಾಕ ಕೇಳ್ತೀರಿ? ಪೇಷಂಟ್ ಅಕಿ ಇದ್ದಾಳ!"

ನಿಷಾ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು.

ಮುಸರ್ರತ ಮೇಡಂ ಬೀದರಿನ ಒಂದು ದವಾಖಾನೆಯಲ್ಲಿ ಮಕ್ಕಳ ಕೌನ್ಸೆಲರ್. ಅವರನ್ನು ನೋಡಲೆಂದೇ ಅಜ್ಜಿ, ಮೊಮ್ಮಗಳು ಭಾಲ್ಕಿಯಿಂದ ಬಸ್ಸಿನಲ್ಲಿ ಬಂದಿದ್ದರು.

ನಿಷಾ ಮನೆಯಲ್ಲಿ ಗಿಣಿಯ ಹಾಗೆ ಮಾತಾಡುತ್ತಿದ್ದಳು. ಶಾಲೆಯಲ್ಲಿ, ಹೊರಗಿನವರ ಮುಂದೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಹೋದ ವಾರ ಕ್ಲಾಸಿನಲ್ಲಿ ಜ್ವರ ಬಂತು. ಟೀಚರ್‌ಗೆ ಹೇಳಲಾಗದೆ ಸಂಜೆತನಕ ಬೆಂಚಿನ ಮೇಲೆ ತಲೆಯಿಟ್ಟು ಕೂತಿದ್ದಳು. ಮನೆಗೆ ಬಂದಾಗ ಮೈ ಕೆಂಡದ ಹಾಗೆ ಸುಡುತ್ತಿತ್ತು. ಅವತ್ತು ಅಜ್ಜಿ ತುಂಬಾ ಹೆದರಿದ್ದಳು.

"ಇದಕ್ಕ ಒಂದು ಗುಳಿಗಿ ಬರದು ಕೊಡ್ರಿ ಮೇಡಂ," ಎಂದಳು ಅಜ್ಜಿ. ಅವಳು ಮೊದಲು ನರ್ಸ್ ಆಗಿದ್ದವಳು. ಗುಳಿಗೆಗಳ ಮೇಲೆ ಅವಳಿಗೆ ಬಹಳ ನಂಬಿಕೆ.

"ಗುಳಿಗಿ ಬ್ಯಾಡ್ರಿ." ಮೇಡಂ ನಿಷಾಳ ಕಡೆ ತಿರುಗಿದರು. "ಅಂಜಿಕಿ ಪೂರಾ ಹೋಗಲಿ, ಆಮ್ಯಾಲ ಮಾತಾಡ್ತೇನಿ ಅಂತ ಕಾಯಬ್ಯಾಡ. ಅದನ್ನ ಬಾಜೂಕ ಕೂಡಿಸ್ಕೊಂಡೇ ಮಾತಾಡು. ದನಿ ಸಣ್ಣದಾದ್ರೂ ನಡೀತದ. ಇವತ್ತ ಬಸ್ಸಿನ್ಯಾಗ ಟಿಕೆಟ್ ನೀನೇ ಕೇಳು. ಆಯ್ತಾ?"

ನಿಷಾ ಅಜ್ಜಿಯ ಮುಖ ನೋಡಿದಳು. ಆಮೇಲೆ ಮೆಲ್ಲಗೆ ತಲೆಯಾಡಿಸಿದಳು.

"ಅಜ್ಜಿ, ನಿಮಗೂ ಹೋಮ್‌ವರ್ಕ್ ಅದ ರಿ. ಅಕಿ ಕೇಳೋತನಕ ನೀವು ಸುಮ್ಕಿರಬೇಕು."

"ಅಷ್ಟೇ ಏನ್ರಿ? ಅದೇನ್ ದೊಡ್ಡ ಮಾತು!"

ಅದು ದೊಡ್ಡ ಮಾತೇ ಆಗಿತ್ತು.

ಬಸ್ಸು ತುಂಬಿತ್ತು. ಪುಣ್ಯಕ್ಕೆ ಇಬ್ಬರಿಗೂ ಸೀಟು ಸಿಕ್ಕಿತು. ಊರು ದಾಟುವಷ್ಟರಲ್ಲಿ ಕಂಡಕ್ಟರ್ ಬಂದ.

"ಎಲ್ಲಿಗ್ರಿ ಅಮ್ಮಾ?"

ಅಜ್ಜಿಯ ತುಟಿ ಅಲುಗಿತು. ತಕ್ಷಣ ಸೆರಗು ಬಾಯಿಗೊತ್ತಿ, ಇಬ್ಬರ ಆಧಾರ್ ಕಾರ್ಡನ್ನೂ ಮುಂದೆ ಹಿಡಿದಳು.

"ಕಾರ್ಡ್ ನೋಡ್ದೆ ರೀ. ಇಳಿಯೋದು ಎಲ್ಲಿ? ಹಲಬರ್ಗಾನೋ, ಭಾಲ್ಕಿನೋ?"

ಅಜ್ಜಿ ನಿಷಾಳ ಕಡೆ ಬೆರಳು ತೋರಿಸಿದಳು. ನಿಷಾ ತಲೆ ತಗ್ಗಿಸಿದಳು.

"ಪಾಪ, ಮುದುಕಿಗಿ ಬಾಯಿ ಬರಂಗಿಲ್ಲ ಕಾಣ್ತದ," ಎಂದಳು ಹಿಂದಿನ ಸೀಟಿನ ಹೆಂಗಸು.

"ಹಲ್ಲು ಕೀಳಿಸ್ಕೊಂಡು ಬಂದಿರಬೇಕು ಬಿಡ್ರಿ," ಎಂದ ಪಕ್ಕದಲ್ಲಿ ನಿಂತಿದ್ದ ಟೋಪಿಯವನು. ಅಜ್ಜಿಯ ಕಿವಿಯ ಹತ್ತಿರ ಬಾಗಿ ಜೋರಾಗಿ ಕೂಗಿದ. "ಅಮ್ಮಾ! ಕೇಳಸ್ತದೇನ್ರಿ? ಯಾವ ಊರು?"

ಅಜ್ಜಿಯ ಮುಖ ಕೆಂಪಗಾಯಿತು. ಕಣ್ಣು ಅಗಲವಾದವು. ಆದರೂ ಮಾತಿಲ್ಲ!

ನಿಷಾಳಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅಜ್ಜಿಯ ಕೈ ಕಂಡಿತು. ಮುಂದಿನ ಸೀಟಿನ ಕಂಬಿ ಹಿಡಿದಿದ್ದ ಆ ಕೈ ನಡುಗುತ್ತಿತ್ತು.

"ಭಾಲ್ಕಿ," ಎಂದಳು ನಿಷಾ.

"ಏನಂದಿ ಅವ್ವಾ? ಕೇಳಿಸಲಿಲ್ಲ."

ಇನ್ನೊಂದು ಸಲ ಹೇಳಬೇಕೇ? ಎದೆ ಢವಢವ ಎನ್ನುತ್ತಿತ್ತು. ನಿಷಾ ಆ ಕಂಬಿಯನ್ನೇ ತಾನೂ ಹಿಡಿದುಕೊಂಡಳು.

"ಭಾಲ್ಕಿ, ಎರಡು ಟಿಕೆಟ್ ಕೊಡ್ರಿ. ನಮ್ಮ ಅಜ್ಜಿಗಿ ಬಾಯಿ ಬರ್ತದ್ರಿ. ಭಾಳ ಬರ್ತದ!"

ಸುತ್ತಲಿದ್ದವರು ನಕ್ಕರು. ಕಂಡಕ್ಟರ್ ಟಿಕೆಟ್ ಹರಿದುಕೊಟ್ಟು ಮುಂದೆ ಹೋದ. ಅಷ್ಟೇ. ಬೇರೇನೂ ಆಗಲಿಲ್ಲ.

ಅಜ್ಜಿ ಸೆರಗು ತೆಗೆದು ಉಸ್ಸೆಂದಳು. "ಹಲ್ಲು ಕೀಳಿಸ್ಕೊಂಡೀನಂತ! ಮೂವತ್ತೆರಡೂ ಗಟ್ಟಿ ಅವ ನನ್ನವು!" ಎಂದು ಟೋಪಿಯವನನ್ನು ದುರುಗುಟ್ಟಿ ನೋಡಿದಳು. ಅವನು ಮೆಲ್ಲಗೆ ಬಾಗಿಲ ಕಡೆ ಸರಿದ.

ಆಮೇಲೆ ಅಜ್ಜಿ ನಿಷಾಳ ಕೈ ಹಿಡಿದು ತನ್ನ ಎದೆಯ ಮೇಲಿಟ್ಟುಕೊಂಡಳು. "ನೋಡು ಇಲ್ಲಿ, ಹ್ಯಾಂಗ ಹೊಡ್ಕೋತದ. ನೀ ಹೇಳ್ತಿಯೋ ಇಲ್ಲೋ ಅಂತ ಜೀವಾನೇ ಹೋಗಿತ್ತು."

ನಿಷಾ ಕೈ ತೆಗೆಯಲಿಲ್ಲ. ಅದೇ ಢವಢವ. ತನ್ನ ಎದೆಯಲ್ಲಿ ಇದ್ದಂಥದೇ. ಅಂದರೆ, ಯಾರಾದರೂ ತನ್ನನ್ನು ಮಾತಾಡಿಸಿದಾಗಲೆಲ್ಲ ಅಜ್ಜಿಗೂ ಹೀಗೇ ಆಗುತ್ತಿತ್ತೇ?

"ನಾಳಿ ನಿನ್ನ ಜೋಡಿ ಸಾಲಿಗಿ ಬರ್ತೇನಿ," ಎಂದಳು ಅಜ್ಜಿ. "ನಿಮ್ಮ ಟೀಚರ್‌ಗೆ ಎಲ್ಲಾ ತಿಳಿಸಿ ಹೇಳ್ತೇನಿ."

ಕಿಟಕಿಯ ಹೊರಗೆ ಕಬ್ಬಿನ ಗದ್ದೆಗಳು ಓಡುತ್ತಿದ್ದವು.

"ಬ್ಯಾಡ ಅಜ್ಜಿ. ನಾನೇ ಹೇಳ್ತೇನಿ. ನೀ ಮನ್ಯಾಗ ಕೂಡು."

"ಮನ್ಯಾಗ ಕೂತ್ರ ನಂಗ ಅಂಜಿಕಿ ಬರ್ತದಲ್ಲ?"

"ಬರ್ಲಿ," ಎಂದಳು ನಿಷಾ, ಅಜ್ಜಿಯ ಹೆಗಲಿಗೆ ತಲೆಯಾನಿಸಿ. "ಬಂದ್ರೂ ಕೂಡು."