ಇನ್ನೂರು ಅಂದ್ರ ಇನ್ನೂರೇ!

"ಬೋರ್ಡ್ ಮ್ಯಾಲಿದ್ದ ಇನ್ನೂರನ್ನ ಅಳಿಸಿದವರು ಯಾರ್ರೀ?"

ಮರಾಠಿ ನಾಡಿನ ಭೋಸರಿಯ ಒಂದು ಕಾರ್ಖಾನೆ; ಟೆಸ್ಟಿಂಗ್ ವಿಭಾಗದಲ್ಲಿ ಎಲ್ಲರೂ ಕೆಲಸ ಬಿಟ್ಟು ತಲೆ ಎತ್ತಿದರು. ಎಂಜಿನಿಯರ್ ಶಿವಕಾಂತಾಳ ಕೋಪ ಎಲ್ಲರಿಗೂ ಗೊತ್ತಿದ್ದದ್ದೇ!

"ನಾನರಿ," ಎಂದ ಪ್ರಣವ. ಧಾರವಾಡದವನು, ಸಂಖ್ಯಾಶಾಸ್ತ್ರ ಓದಿ ಗುಣಮಟ್ಟ ವಿಭಾಗಕ್ಕೆ ಹೊಸದಾಗಿ ಬಂದವನು. "ರೆಸಿಸ್ಟರ್‌ಗೆ ನೂರಾ ಇಪ್ಪತ್ತು ವೋಲ್ಟ್, ಕೆಪಾಸಿಟರ್‌ಗೆ ನೂರಾ ಅರವತ್ತು. ಕೂಡಿಸಿದ್ರ ಇನ್ನೂರಾ ಎಂಬತ್ತಲ್ರಿ? ಇವತ್ತ ಬರೂ ಗಿರಾಕಿಗಳ ಮುಂದ ನಿಮ್ಮ ಮರ್ಯಾದಿ ಉಳೀಲಿ ಅಂತ ತಿದ್ದಿದೆ."

ಮರ್ಯಾದೆ ಉಳಿಸಿದನಂತೆ! ಇಂಥವನನ್ನೇ ನಾನು ಇಷ್ಟು ದಿನ ಕದ್ದು ಕದ್ದು ನೋಡಿದ್ದು... ಎಂದುಕೊಂಡಳು ಶಿವಕಾಂತಾ.

ಮಾರಾಟದ ಮ್ಯಾನೇಜರ್ ಕೃಷ್ಣಾಜಿ ಮರಾಠಿಯಲ್ಲೇ ಗದರಿದರು. ಎಲ್ಲರೆದುರು ಕೂಗಾಡಿದ್ದಕ್ಕೆ ಶಿವಕಾಂತಾ ಪ್ರಣವನ ಕ್ಷಮೆ ಕೇಳಬೇಕು, ಇಲ್ಲವಾದರೆ ನಾಳೆಯಿಂದ ಕೆಲಸಕ್ಕೆ ಬರಬಾರದು!

"ಬರೂದಿಲ್ರಿ. ಆದ್ರ ಇನ್ನೂರು ಅಂತ ಬರದ ಹೋಗ್ತೀನಿ!"

ಶಿವಕಾಂತಾ ಬೋರ್ಡಿನ ಮೇಲೆ, ಹತ್ತು ವೋಲ್ಟಿಗೆ ಒಂದು ಸೆಂಟಿಮೀಟರಿನಂತೆ, ಹನ್ನೆರಡು ಸೆಂಟಿಮೀಟರಿನ ಬಾಣವೊಂದನ್ನು ಅಡ್ಡಕ್ಕೆ ಎಳೆದಳು. ಅದರ ತುದಿಯಿಂದ ಹದಿನಾರರದೊಂದು ನೇರ ಕೆಳಕ್ಕೆ. ಪ್ರಣವನ ಕೈಗೆ ಸ್ಕೇಲು ತುರುಕಿದಳು.

"ಇವಕ್ಕ ಫೇಸರ್ ಅಂತಾರ. ವೋಲ್ಟೇಜು ಅಲಿ ಇದ್ದಂಗ, ಏರತದ, ಇಳೀತದ. ರೆಸಿಸ್ಟರಿಂದು ತುದಿ ಮುಟ್ಟಿದಾಗ ಕೆಪಾಸಿಟರಿಂದು ಸೊನ್ನಿ, ಕಾಲು ಸುತ್ತು ಹಿಂದ! ದಿಕ್ಕ ಬ್ಯಾರೆ ಇದ್ದಾಗ ಸುಮ್ನ ಕೂಡಿಸೂದು ಹೆಂಗ? ಶುರುವಿನಿಂದ ಕೊನಿತನಕ ನೀವ ಅಳೀರಿ."

ಅವನು ಅಳೆದ. ಮುಖ ಕೆಂಪಾಯಿತು.

"ಇಪ್ಪತ್ತು... ಅಂದ್ರ ಇನ್ನೂರು ವೋಲ್ಟ್." ಎಲ್ಲರ ಕಡೆ ತಿರುಗಿದ. "ತಪ್ಪು ನಂದು. ಕ್ಷಮಾ ನಾನ ಕೇಳಬೇಕು!"

ಕೃಷ್ಣಾಜಿ ಗಿರಾಕಿಗಳನ್ನು ಕರೆತರಲು ಗೇಟಿನತ್ತ ನಡೆದರು.

ಸಂಜೆ ಕ್ಯಾಂಟೀನಿನಲ್ಲಿ ಅವನೇ ಬಂದು ಎದುರು ಕುಳಿತ.

"ನೀವಂದ್ರ ಭಾಳ ಇಷ್ಟರಿ... ಮದುವಿ ಆಗೂಣೇನು?"

ಅವಳು ಚಹಾದ ಲೋಟ ಕೆಳಗಿಟ್ಟಳು. "ನಮ್ಮಪ್ಪ ಗುರಣ್ಣ ಯಾದಗಿರಿಯಿಂದ ಬಂದ ಗೌಂಡಿ. ಇವತ್ತೂ ಇಟ್ಟಿಗಿ ಕಟ್ತಾನ."

"ಸದ್ಯಕ್ಕ ನಮ್ಮ ಮನ್ಯಾಗ... ಬಿಲ್ಡರ್ ಅಂತ ಹೇಳಿದ್ರ?"

ಶಿವಕಾಂತಾ ಎದ್ದು ನಿಂತಳು. ಕಣ್ಣು ತುಂಬಿತ್ತು, ದನಿ ಮಾತ್ರ ನಡುಗಲಿಲ್ಲ.

"ಮತ್ತ ಮರ್ಯಾದಿ ಉಳಸಾಕ ಬಂದ್ರಿ? ನಮ್ಮಪ್ಪ ಗೌಂಡಿನ. ಬೇಕಾದ್ರ ಹಂಗ ಹೇಳ್ರಿ, ಇಲ್ಲಾಂದ್ರ ಹೋಗ್ರಿ!"

ಅವನು ಅಲ್ಲೇ ಫೋನ್ ಹಚ್ಚಿದ.

"ಅವ್ವಾ, ಹುಡುಗಿ ಹೆಸರು ಶಿವಕಾಂತಾ. ಅವರಪ್ಪ ಗುರಣ್ಣ ಗೌಂಡಿ ಕೆಲಸ ಮಾಡ್ತಾರ. ಮದುವಿ ಅಂತ ಆದ್ರ ಅಕಿನ್ನ ಆಗಾಂವ!"

ಆ ಕಡೆಯಿಂದ ಅವ್ವ ಏನೋ ಕೇಳಿದಳು. ಆಮೇಲೆ ಅವನು ಫೋನ್ ಕಿವಿಯಿಂದ ಸರಿಸಿ ಪಿಸುಗುಟ್ಟಿದ.

"ಅಕಿ ಒಪ್ಪ್ಯಾಳೇನು ಅಂತ ಕೇಳಾಕತ್ತಾಳ..."

ಶಿವಕಾಂತಾ ಫೋನ್ ಕಸಿದುಕೊಂಡಳು.

"ಅತ್ತೀ... ನಾನ ಮಾತಾಡಾಕತ್ತೀನ್ರಿ. ಒಪ್ಪೀನಿ!"

ಪ್ರಣವ ಬಾಯಿ ಬಿಟ್ಟು ನೋಡಿದ. "ಆಗಲೇ ಅತ್ತಿ ಅಂದ್ರಿ?"

"ಮತ್ತೇನಂತ ಕರೀಬೇಕಿತ್ತು?" ಎಂದು ಕಣ್ಣೊರೆಸಿಕೊಂಡು ನಕ್ಕಳು.