ಕರಾಳಜಂಘನ ಕ್ಯಾಸೆಟ್ಟಿಗೆ ಕೆಂಚಿ ಕೊಟ್ಟ ಅಂಕ

ಬಹಳ ಹಿಂದೆ, ರಾಜರ ಮನೆಯಲ್ಲೂ ಡಬ್ಬಾ ಟೀವಿ ಇದ್ದ ಕಾಲದಲ್ಲಿ, ಹೊನ್ನಗುಡ್ಡ ಅಂತ ಒಂದು ರಾಜ್ಯವಿತ್ತು. ಅಲ್ಲಿಯ ಜನ ಊಟ ಬಿಟ್ಟಾರು, ವಿಡಿಯೋ ಗೇಮ್ ಬಿಡರು. ಹಳೇ ಕ್ಯಾಸೆಟ್ ಎಲ್ಲೇ ಸಿಗಲಿ, ಕೆಂಚಿಯ ಮನೆಗೆ ಬರಬೇಕು. ಅವಳೂ ಅವಳಣ್ಣ ಬೋರಣ್ಣನೂ ಅದನ್ನು ಆಡಿ ಹತ್ತಕ್ಕೆ ಇಷ್ಟು ಅಂತ ಅಂಕ ಹೇಳಿದರೆ ಮುಗಿಯಿತು, ರಾಜನೂ ಎದುರು ಮಾತಾಡುತ್ತಿರಲಿಲ್ಲ. ಆ ಮನೆಯ ನೇಮ ಒಂದೇ. ಕೊನೆಯ ರಕ್ಕಸ ಬೀಳುವವರೆಗೆ ಬಾಯಲ್ಲಿ ಅಂಕ ಬರಕೂಡದು.

ಆ ನೇಮವನ್ನು ಬೋರಣ್ಣ ಮುರಿದ. ಏನು ಮಾಡಿಯಾನು ಪಾಪ, ಮಾಂತ್ರಿಕ ಕರಾಳಜಂಘ ತಾನೇ ಮಾಡಿದ ಕ್ಯಾಸೆಟ್ ಅರಮನೆಗೆ ತಂದು, ಅವನನ್ನು ಅಲ್ಲಿಗೇ ಕರೆಸಿ, ಕತ್ತಿ ಹಿರಿದು ತಲೆಯ ಮೇಲೆ ನಿಂತಿದ್ದ. ಎರಡನೇ ಸುತ್ತಿನಲ್ಲೇ ಬೋರಣ್ಣ ಬೆದರಿ "ಹತ್ತಕ್ಕೆ ಹತ್ತು" ಅಂದುಬಿಟ್ಟ. ಅಂದದ್ದೇ ತಡ, ಟೀವಿ ಅವನನ್ನು ಒಳಗೆಳೆದುಕೊಂಡಿತು. ಮಾಂತ್ರಿಕ ಒಂದು ಮೊಳ ಬೆಳೆದ. ಸುಳ್ಳು ಹೊಗಳಿಕೆಯೇ ಅವನ ಆಹಾರ. ಊರೂರಲ್ಲಿ ಅದನ್ನೇ ತಿಂದು, ಹೊಗಳಿದ ಆಟಗಾರರನ್ನೆಲ್ಲ ಹೀಗೇ ಒಳಗೆ ಹಾಕಿ, ಆಗಲೇ ತಾಳೆಮರದಷ್ಟಾಗಿದ್ದ.

ಸುದ್ದಿ ಕೇಳಿ ಕೆಂಚಿ ಅರಮನೆಯ ಅಂಗಳಕ್ಕೆ ಬಂದು ಟೀವಿಯ ಮುಂದೆ ಕೂತಳು.

"ಅದನ್ನ ನಾನು ಆಡ್ತೀನಿ. ಮುಗಿಸೋವರೆಗೂ ಯಾರೂ ಮಾತಾಡಿಸಬೇಡಿ."

ಹುಡುಗಿಗೆ ಎಷ್ಟು ಕೊಬ್ಬು ಅಂತ ಮಂತ್ರಿ ಗೊಣಗಿದ. ಇರಲಿ ಬಿಡಿ, ಅವಳ ಹೆಬ್ಬೆರಳಿನ ಜಡ್ಡು ಅವನೆಲ್ಲಿ ನೋಡಿದ್ದ! ಕೆಂಚಿ ಕ್ಯಾಸೆಟ್ಟನ್ನು ಬಾಯಿಗೆ ಹಿಡಿದು ಉಫ್ ಅಂತ ಧೂಳು ಊದಿ, ಆಟದ ಪೆಟ್ಟಿಗೆಗೆ ತುರುಕಿದಳು.

ಮೊದಲನೇ ಸುತ್ತಿನಲ್ಲಿ ಬೆಂಕಿಯ ಹೊಳೆ, ಮೇಲೊಂದು ಸೇತುವೆ. ಕಾಲಿಡುವ ಮೊದಲೇ ಹಲಗೆ ಕುಸಿಯಿತು. ಬಿದ್ದಳು, ಎದ್ದಳು, ಹಲಗೆ ಬೀಳುವ ಲಯ ಹಿಡಿದು ದಾಟಿದಳು.

ಎರಡನೇ ಸುತ್ತಿನಲ್ಲಿ ಎರಡು ತಲೆಯ ಸಿಂಹ. ಅದರ ಬೆನ್ನ ಹಿಂದೆ ಒಂದು ಪಂಜರ, ಪಂಜರದಲ್ಲಿ ಬೆರಳುದ್ದದ ಬೋರಣ್ಣ. ಕೆಂಚಿ ಅಣ್ಣನನ್ನು ಕಂಡಳು. ಆದರೂ ಕಣ್ಣು ಸಿಂಹದ ಮೇಲೇ ಇತ್ತು. ಒಂದು ತಲೆ ಗರ್ಜಿಸುವಾಗ ಇನ್ನೊಂದು ತೂಕಡಿಸುತ್ತಿತ್ತು. ತೂಕಡಿಸುವ ತಲೆಯ ಮೇಲೆ ಜಿಗಿದು ಗೆದ್ದಳು. ಪಂಜರ ಮಾತ್ರ ತೆರೆಯಲಿಲ್ಲ, ಮುಂದಿನ ಸುತ್ತಿಗೆ ಸರಿಯಿತು.

ಮೂರನೇ ಸುತ್ತಿನಲ್ಲಿ ಕೊನೆಯ ರಕ್ಕಸ. ಮುಖ ಥೇಟ್ ಕರಾಳಜಂಘನದೇ. ಒಂದೇಟು ಹೊಡೆದ, ಕೆಂಚಿ ಸತ್ತು ಆಟ ಮೊದಲಿಂದ ಶುರುವಾಯಿತು. ಮತ್ತೆ ಸೇತುವೆ, ಮತ್ತೆ ಸಿಂಹ, ಮತ್ತೆ ರಕ್ಕಸ. ಈ ಸಲ ಅವಳು ನೋಡಿಕೊಂಡಳು. ಪ್ರತಿ ಏಟಿಗೂ ಅವನು ಹೊಟ್ಟೆ ಹಿಡಿದು ನಗುತ್ತಿದ್ದ. ನಗುವಾಗಲೇ ಕತ್ತಿ ಬೀಸಿದಳು. ರಕ್ಕಸ ಬಿದ್ದ.

"ಅಂಕ ಹೇಳು," ಅಂತ ಅಂಗಳದಲ್ಲಿ ನಿಂತಿದ್ದ ಕರಾಳಜಂಘ ಅವಳ ಕಡೆ ಬಗ್ಗಿದ. "ಹತ್ತು ಅಂದರೆ ನಿನ್ನಣ್ಣನ್ನ ಬಿಡ್ತೀನಿ. ಇಲ್ಲಾಂದರೆ ಟೀವಿ ಒಡೆದು ಹಾಕ್ತೀನಿ."

ಕೆಂಚಿ ಟೀವಿಯ ಕಡೆ ನೋಡಿದಳು. ಟೀವಿ ಒಡೆದರೆ ಅಣ್ಣನೂ ಹೋದ. ಪಂಜರದೊಳಗೆ ಬೋರಣ್ಣ ಬೇಡ ಬೇಡ ಅಂತ ತಲೆ ಆಡಿಸುತ್ತಿದ್ದ. ಅವಳು ಬೆನ್ನು ನೆಟ್ಟಗೆ ಮಾಡಿದಳು.

"ಸಿಂಹ ಚೆಂದ, ಆಟದ ಹಾಡು ಇನ್ನೂ ಚೆಂದ. ಸೇತುವೆ ಮಾತ್ರ ಶುದ್ಧ ಮೋಸ. ಕೊನೇ ರಕ್ಕಸನಿಗೆ ನಗೋದು ಬಿಟ್ಟು ಬೇರೆ ಕೆಲಸ ಇಲ್ಲ. ಹತ್ತಕ್ಕೆ ಆರು."

ಮಾಂತ್ರಿಕ ಕತ್ತಿ ಎತ್ತಿದ, ಆದರೆ ಕತ್ತಿಯೂ ಅವನೂ ಕುಗ್ಗುತ್ತಿದ್ದರು. ತಾಳೆಮರ ಹೋಗಿ ಆಳೆತ್ತರ, ಆಳೆತ್ತರ ಹೋಗಿ ಗೇಣುದ್ದ.

"ಆರೂವರೆಯಾದರೂ ಕೊಡವ್ವ," ಅಂತ ಕೀರಲು ದನಿಯಲ್ಲಿ ಬೇಡಿದ.

"ಆರು ಅಂದರೆ ಆರು."

ಅಷ್ಟರಲ್ಲಿ ಅವನು ಕ್ಯಾಸೆಟ್ಟಿನ ಮೇಲೊಂದು ಧೂಳಿನ ಕಣವಾಗಿದ್ದ. ಕೆಂಚಿ ಕ್ಯಾಸೆಟ್ಟನ್ನು ಹೊರಗೆಳೆದು ಉಫ್ ಅಂತ ಊದಿದಳು. ಕರಾಳಜಂಘನ ಕತೆ ಅಲ್ಲಿಗೆ ಮುಗಿಯಿತು.

ಟೀವಿಯಿಂದ ಬೋರಣ್ಣ ಹೊರಗೆ ಬಿದ್ದ, ಅವನ ಹಿಂದೆ ಊರೂರ ಆಟಗಾರರೆಲ್ಲ ಬಿದ್ದರು. ಬೋರಣ್ಣ ಮೈ ಕೊಡವಿಕೊಂಡು ತಂಗಿಯ ಎದುರು ನಿಂತ.

"ನಿನ್ನ ಆಟ ಪೂರ್ತಿ ನೋಡಿದೆ ಕಣೇ. ಕೊನೇ ರಕ್ಕಸ ಬಿದ್ದನಲ್ಲ?"

"ಬಿದ್ದ."

"ಹಾಗಾದರೆ ಈಗ ನಾನು ಅಂಕ ಹೇಳಬಹುದು. ಹತ್ತಕ್ಕೆ ಹತ್ತು."

ಅಂಗಳದ ಜನರೆಲ್ಲ ಹೆದರಿ ಟೀವಿಯ ಕಡೆ ತಿರುಗಿದರು. ಟೀವಿ ಸುಮ್ಮನಿತ್ತು. ಬೋರಣ್ಣ ನಿಂತಲ್ಲೇ ನಿಂತಿದ್ದ. ಹೊನ್ನಗುಡ್ಡದ ಜನ ಅವತ್ತಿನಿಂದ ಸುಖವಾಗಿ ಆಡಿಕೊಂಡಿದ್ದರು, ಸಮಯ ಸಿಕ್ಕಾಗ ಉಂಡರು.