ಕೆಡ್ಡಸದ ಮರುದಿನದ ಉಳುಮೆ

೧೯೭೯ರ ಫೆಬ್ರವರಿ ೧೪ರಂದು ಬೆಳಿಗ್ಗೆ ಏಳೂವರೆಗೆ ಕಾಟಿಪಳ್ಳದ ಚಿತ್ತರಂಜನ ಶೆಟ್ಟರು ಪಣಂಬೂರಿನ ಠಾಣೆಗೆ ಬಂದು, ಗುಡ್ಡೆಯ ಮೇಲಿನ ಕೊಟ್ಟಿಗೆಯಲ್ಲಿ ಹಿಂದಿನ ರಾತ್ರಿಯವರೆಗೂ ಇದ್ದ ತಮ್ಮ ಹಳೆಯ ಟ್ರ್ಯಾಕ್ಟರ್ ನೇಗಿಲು ಸಮೇತ ಕಳವಾಗಿದೆಯೆಂದು ದೂರು ಕೊಟ್ಟರು. ಚಾಲಕ ಝಕರಿಯಾನ ಮೇಲೆ ಅನುಮಾನವೆಂದೂ ಬರೆಸಿದರು. ಸಬ್‌ಇನ್‌ಸ್ಪೆಕ್ಟರ್ ಹರಿದಾಸರು ಎಫ್.ಐ.ಆರ್. ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಮೋಹನದಾಸನೊಡನೆ ಸ್ಥಳ ಪಂಚನಾಮೆಗೆ ಹೊರಟರು.

ಕೊಟ್ಟಿಗೆಯಿಂದ ಕೆಳಗಿಳಿಯಲು ಎರಡು ದಾರಿಗಳಿದ್ದವು. ಒಂದು ಇಳಿಜಾರನ್ನು ಅಡ್ಡಕ್ಕೆ ಸೀಳಿ ಬೇಗ ರಸ್ತೆ ಸೇರುವಂಥದ್ದು. ಇನ್ನೊಂದು ದೂರದ ಸುತ್ತಿನದು, ಆದರೆ ಇಳಿಜಾರಿರುವಲ್ಲಿ ನೆಟ್ಟಗೆ ಇಳಿಯುವಂಥದ್ದು. ಚಕ್ರದ ಗುರುತುಗಳು ಸುತ್ತಿನ ದಾರಿಯಲ್ಲಿದ್ದವು.

“ಕದ್ದವನು ಹತ್ತಿರದ ದಾರಿ ಬಿಟ್ಟದ್ದು ಯಾಕೆ?” ಹರಿದಾಸರು ಕೊಟ್ಟಿಗೆಗೆ ಕರೆಸಿದ್ದ ಝಕರಿಯಾನನ್ನು ಕೇಳಿದರು.

“ಅಡ್ಡ ಹೋದ್ರೆ ಮಗುಚ್ತದೆ ಸಾರ್. ಸಣ್ಣ ಗೇರಿನಲ್ಲಿ ನೆಟ್ಟಗೆ ಇಳಿಸ್ಬೇಕು.”

“ಹಾಗಾದರೆ ನಿನಗೆ ಗೊತ್ತುಂಟು.”

“ಗೊತ್ತುಂಟು. ಆದ್ರೆ ಕದಿಯುದಾದ್ರೆ ಹೊಸತನ್ನು ಕದೀತಿದ್ದೆ. ಈ ಮುದುಕನನ್ನು ಯಾರು ಸಾಕ್ತಾರೆ?”

“ಬಾಯಿ ಉಂಟು ಮಾರಾಯ ನಿಂಗೆ,” ಎಂದ ಮೋಹನದಾಸ.

ಕೊಟ್ಟಿಗೆಯ ಬಾಗಿಲ ಹಿಂದಿನ ಮೊಳೆ ಖಾಲಿಯಿತ್ತು. ಅಲ್ಲಿ ತೂಗುತ್ತಿದ್ದದ್ದು ಎರಡು ಬ್ರೇಕ್ ಪೆಡಲುಗಳನ್ನು ಜೋಡಿಸುವ ಕೊಂಡಿ. ಒಂದೊಂದು ಪೆಡಲು ಒಂದೊಂದು ಹಿಂಚಕ್ರವನ್ನು ಹಿಡಿಯುತ್ತದೆ; ಗುಡ್ಡೆಯ ಸಣ್ಣ ತಟ್ಟು ಗದ್ದೆಗಳಲ್ಲಿ ಗಕ್ಕನೆ ತಿರುಗಿಸಲೆಂದು ಝಕರಿಯಾ ಕೊಂಡಿಯನ್ನು ಕಳಚಿಡುತ್ತಿದ್ದ. ಅದಿಲ್ಲದೆ ಗುಡ್ಡೆ ಇಳಿದರೆ ಒಂದೇ ಚಕ್ರಕ್ಕೆ ಬ್ರೇಕು ಬಿದ್ದು ಗಾಡಿ ಉರುಳುತ್ತದೆ. ಬಂದವನು ಕತ್ತಲಲ್ಲೇ ಮೊಳೆಯನ್ನು ತಡವಿ, ಕೊಂಡಿ ಹಾಕಿ, ಆಮೇಲೆ ಹೊರಟಿದ್ದ.

“ಕೀಲಿಕೈ?”

“ಅದರಲ್ಲೇ ಇತ್ತು ಸಾರ್. ಕೆಡ್ಡಸ ಅಂತ ಮೂರು ದಿನ ಕೆಲಸ ಇರ್ಲಿಲ್ಲ. ನಾನು ಹೆಂಡತಿ ಮನೆಗೆ ಹೋಗಿದ್ದೆ.”

ಕೆಡ್ಡಸದ ಮೂರು ದಿನ ಭೂಮಿತಾಯಿ ಮುಟ್ಟಾಗಿರುತ್ತಾಳೆಂದು ತುಳುವರು ನೆಲಕ್ಕೆ ನೇಗಿಲು, ಹಾರೆ ತಾಗಿಸುವುದಿಲ್ಲ. ಕೊನೆಯ ದಿನ ಹೆಂಗಸರು ನೆಲಕ್ಕೆ ಎಣ್ಣೆ ಬಿಟ್ಟು ಅವಳನ್ನು ಮೀಯಿಸುತ್ತಾರೆ.

ಮೋಹನದಾಸ ತಗ್ಗಿದ ದನಿಯಲ್ಲಿ ಹೇಳಿದ: “ಸಾರ್, ಮೂರು ದಿನ ಕೊಟ್ಟಿಗೆಯಲ್ಲಿ ನರಪಿಳ್ಳೆ ಇರ್ಲಿಲ್ಲ. ಅದನ್ನು ಬಿಟ್ಟು ಇವತ್ತು ಬೆಳಗಾತ ಬಂದಿದ್ದಾನೆ. ಕಳ್ಳನಿಗೆ ಕೆಡ್ಡಸ ಎಂತಕ್ಕೆ?”

ಕೆಡ್ಡಸ ಮುಗಿಯಲೆಂದು ಕಾದವನು, ಮೊಳೆ ಎಲ್ಲಿದೆಯೆಂದು ಬಲ್ಲವನು; ಹರಿದಾಸರು ತನಿಖೆಯನ್ನು ಮನೆಯತ್ತ ತಿರುಗಿಸಿದರು. ಚಿತ್ತರಂಜನರ ತಾಯಿ ಜಲಜಾಕ್ಷಿ ಜಗಲಿಯಲ್ಲಿದ್ದರು.

“ಮನೆಯಲ್ಲಿ ಯಾರ್ಯಾರು ಇದ್ದೀರಿ?”

“ನಾನು, ಮಗ, ನನ್ನ ಅಣ್ಣ. ಅಣ್ಣು ಶೆಟ್ರು ಅಂತ.”

“ಅವರೆಲ್ಲಿ?”

ಅವರು ಸೆರಗಿನ ತುದಿಯನ್ನು ಸುತ್ತುತ್ತಾ ಕುಳಿತರು. “ನಿನ್ನೆ ನೆಲಕ್ಕೆ ಎಣ್ಣೆ ಬಿಟ್ಟೆ. ಗುಡ್ಡೆಯ ಗಟ್ಟಿ ಮುರಕಲ್ಲು ನೆಲ ಅಲ್ವಾ, ಕುಡಿಯುದಿಲ್ಲ, ಹರಿದು ಹೋಯ್ತು. ಅಣ್ಣ ನೋಡ್ತಾ ನಿಂತಿದ್ರು. ‘ಪಣಂಬೂರಿನಲ್ಲಾದ್ರೆ ಕುಡೀತಿದ್ಲು’ ಅಂದ್ರು. ಇವತ್ತು ಎಣ್ಣೆ ಕುಪ್ಪಿ ಕಾಣುದಿಲ್ಲ.”

ಚಿತ್ತರಂಜನರು ತಾಯಿಯತ್ತ ತಿರುಗಿದರು. “ಮಾವನಾ? ಈ ಗಾಡಿ ಆರಿಸಿದ್ದೇ ಅವರು ಸಾರ್. ಎತ್ತರದ್ದು ಬೇಡ, ಗುಡ್ಡೆಗೆ ತಗ್ಗಿನದ್ದು, ಚಕ್ರ ಅಗಲಕ್ಕೆ ಇರುವಂಥದ್ದೇ ಆಗ್ಬೇಕು ಅಂತ ಹಟ ಹಿಡಿದು ತೆಗೆಸಿದ್ರು. ಮತ್ತೆ... ವಯಸ್ಸಾಯ್ತು, ನೀವು ಹತ್ತಬೇಡಿ ಅಂತ ನಾನೇ ಹೇಳಿದ್ದು.”

ಪಣಂಬೂರಿನ ಹೊಸ ಬಂದರಿಗೆ ಗದ್ದೆ ಬಿಟ್ಟುಕೊಟ್ಟು ಗುಡ್ಡೆಗೆ ಬಂದ ಮನೆಗಳಲ್ಲಿ ಇವರದೂ ಒಂದು. ಚಿತ್ತರಂಜನರನ್ನೂ ಝಕರಿಯಾನನ್ನೂ ಹತ್ತಿಸಿಕೊಂಡು ಜೀಪು ಪಣಂಬೂರಿಗೆ ಇಳಿಯಿತು.

ಬಂದರಿನ ಗೋಡೆಯ ಹೊರಗೆ, ಮರಳು ಬೆರೆತ ಪಾಳು ನೆಲದಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಚಕ್ರಗಳಿಗೆ ಕಲ್ಲು ಕೊಟ್ಟಿತ್ತು. ಗೋಡೆಯ ಬುಡದವರೆಗೆ ಹೋಗಿ ಹಿಂದಿರುಗಿದ ಕೆಲವು ಸಾಲುಗಳಿದ್ದವು. ಅಂಚುಗಳು ಆಗಲೇ ಕುಸಿಯುತ್ತಿದ್ದವು. ಗೋಡೆಯ ನೆರಳಿನಲ್ಲಿ ಅಣ್ಣು ಶೆಟ್ಟರು ಕುಳಿತಿದ್ದರು.

“ತಂದದ್ದು ನೀವಾ?”

“ಹೌದು.”

“ಎಂತಕ್ಕೆ?”

“ನಮ್ಮ ಬಾಕಿಮಾರು ಗದ್ದೆ ಇಲ್ಲಿಂದ ಶುರು. ಉಳಿದದ್ದು ಗೋಡೆ ಒಳಗೆ ಉಂಟು. ಕೆಡ್ಡಸ ಮುಗಿದ ಮೇಲೆ ಮೊದಲ ಸಾಲು ಯಾವಾಗಲೂ ನಾನೇ ಹೊಡಿಯುದು.”

“ನನ್ನಲ್ಲಿ ಕೇಳ್ಬಾರ್ದಿತ್ತಾ ಮಾವ?”

“ಕೇಳಿದ್ರೆ ನೀನು ಬಿಡ್ತಿದ್ದಿಯಾ?”

ಚಿತ್ತರಂಜನರು ಹರಿದಾಸರತ್ತ ತಿರುಗಿದರು. “ದೂರು ವಾಪಸು ತಗೊಳ್ತೇನೆ ಸಾರ್.”

“ಎಫ್.ಐ.ಆರ್. ಆಗಿದೆ. ನ್ಯಾಯಾಲಯದಲ್ಲಿ ಹೇಳಿ.”

ಹತ್ತು ಮುಕ್ಕಾಲಕ್ಕೆ ಅಣ್ಣು ಶೆಟ್ಟರನ್ನು ದಸ್ತಗಿರಿ ಮಾಡಲಾಯಿತು. ಜೀಪು ಹತ್ತುವ ಮೊದಲು ಅವರು ಝಕರಿಯಾನನ್ನು ಕರೆದರು. “ಕೊಂಡಿ ತೆಗೀಬೇಡ. ಕಡಿದಾದಲ್ಲಿ ಹಿಂದೆ ಹಿಂದೆ ಹತ್ತಿಸು. ಎದುರು ಹತ್ತಿದ್ರೆ ಮೂತಿ ಏಳ್ತದೆ.”

“ಆಯ್ತು ಧಣಿ,” ಎಂದ ಝಕರಿಯಾ; ಗೋಡೆಯತ್ತ ಮುಖ ಮಾಡಿ ನಿಂತ.

ಸಂಜೆ ಅಳಿಯ ಚಿತ್ತರಂಜನರೇ ಜಾಮೀನು ನಿಂತರು. ಮುಂದೆ ನ್ಯಾಯಾಲಯದಲ್ಲಿ ಪ್ರಕರಣ ರಾಜಿಯಾಯಿತು. ಅಂದು ಬೆಳಿಗ್ಗೆ, ಎಲ್ಲರೂ ಜೀಪಿನತ್ತ ನಡೆದ ಮೇಲೆ, ಹರಿದಾಸರು ಮೊದಲ ಸಾಲಿನ ತುದಿಯಲ್ಲಿ ಬಿದ್ದಿದ್ದ ಖಾಲಿ ಕುಪ್ಪಿಯನ್ನು ಎತ್ತಿಕೊಳ್ಳಲು ಬಗ್ಗಿದರು. ಎಣ್ಣೆ ಎಲ್ಲಿಯೂ ಹರಿದಿರಲಿಲ್ಲ. ಬಿದ್ದಲ್ಲೇ ಇಳಿದು, ಅಂಗೈಯಗಲದ ಮಣ್ಣು ಕಪ್ಪಗಾಗಿತ್ತು.